ಹಗ್ಗ ಹಿಡಿದವರ ಪಾಲು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಹುಟ್ಟದ ಕೂಸಿನ ತೊಟ್ಟಿಲನ್ನು ಯಾರ ಮನೆಯ ಜಂತಿಗೆ ಕಟ್ಟಬೇಕೆಂದು ಮೂರು ಊರಿನ ವಿದ್ಯಾವಂತರು ಒಟ್ಟಿಗೆ ಕೂತು ಕಾದಾಡುವುದನ್ನು ನೋಡಬೇಕಿದ್ದರೆ, 2009ರ ಮಳೆಗಾಲದಲ್ಲಿ ಬ್ರಹ್ಮಾವರದ ಆ ಕಾಲೇಜಿನ ಸ್ಟಾಫ್ ರೂಮಿಗೆ ಬರಬೇಕಿತ್ತು. ಕೂಸಿನ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಕಣ್ಣಿಗೆ ಕಾಣದ ಅಣುವನ್ನು ಹಿಡಿದು, ಅದರ ತೂಕ ಇಷ್ಟು ಎಂದು ಹೇಳುವ ಯಂತ್ರ. ಕೆಮಿಸ್ಟ್ರಿಯಲ್ಲಿ ಸಂಶೋಧನೆ ಮಾಡುವವರಿಗೆ ಅದು ಊಟಕ್ಕೆ ಉಪ್ಪಿದ್ದ ಹಾಗೆ. ಇಲ್ಲದಿದ್ದರೆ ಏನು ಬೇಯಿಸಿದರೂ ಸಪ್ಪೆ.

ದಿಲ್ಲಿಯ ವಿಜ್ಞಾನ ಇಲಾಖೆಯವರು ಉದಾರವಾಗಿಯೇ ಹೇಳಿದ್ದರು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರು ಕಡೆಯ ಸ್ನಾತಕೋತ್ತರ ಕೆಮಿಸ್ಟ್ರಿ ವಿಭಾಗಗಳಿಗೆ ಸೇರಿ ಒಂದು ಯಂತ್ರ ಕೊಡುತ್ತೇವೆ. ಎಲ್ಲಿಡುತ್ತೀರಿ, ಹೇಗೆ ಹಂಚಿಕೊಳ್ಳುತ್ತೀರಿ, ನೀವೇ ತೀರ್ಮಾನಿಸಿ ಒಂದೇ ಬಾಯಲ್ಲಿ ಹೇಳಿ. ಆಗಸ್ಟ್ ಮುಗಿಯುವುದರೊಳಗೆ ಹೇಳದಿದ್ದರೆ ಯಂತ್ರ ಘಟ್ಟ ಹತ್ತಿ ಬೇರೆಯವರ ಪಾಲಾಗುತ್ತದೆ. ಪಾಪ, ದಿಲ್ಲಿಯವರಿಗೆ ನಮ್ಮ ಕಡೆಯ ಜನ ಗೊತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಗಳೇ ಮೂವರು.

ಬ್ರಹ್ಮಾವರದ ವಿಭಾಗದ ಮುಖ್ಯಸ್ಥರು ಸುಬ್ಬರಾಯ ಹೊಳ್ಳರು. ಕೋಟದ ಕಡೆಯವರು, ದೇವಸ್ಥಾನದ ಮನೆತನ, ಯಾವುದಕ್ಕೂ ನಿಯಮ ಕೇಳುವ ಮನುಷ್ಯ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಹಿಂದಿನ ಸಲ ಎಷ್ಟು ಹಾಕಿದ್ದು ಎಂದು ಕೇಳಿ ಹಾಕುತ್ತಿದ್ದರು. ಅವರ ವಾದ ಸರಳ.

"ನಮ್ಮಲ್ ಹೊಸ ಕಟ್ಟಡ ಇತ್ತ್. ಕರೆಂಟ್ ಸಹ ನಿಮ್ಮಲ್ ಹೋದಷ್ಟ್ ಹೋತಿಲ್ಲೆ. ಯಂತ್ರ ಇಲ್ಲೇ ಇರ್ಲಿ ಕಾಣಿ."

ಬೈಂದೂರಿನ ಅಶೋಕ ಯಡ್ತರೆಯವನು. ಒಳ್ಳೆಯ ಪಾಠಗಾರ, ಒಳ್ಳೆಯ ಜಗಳಗಾರ. ಮಾತಿನಲ್ಲಿ ಅವನಿಗೆ ಸಾಟಿಯಾದವರು ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರೂ ಇರಲಿಲ್ಲ. "ಬೈಂದೂರಿಗೆ ಬಸ್ಸೂ ಕಡಿಗೆ ಬಪ್ಪುದ್, ಕರೆಂಟೂ ಕಡಿಗೆ ಬಪ್ಪುದ್. ಯಂತ್ರ ಆದ್ರೂ ಮೊದ್ಲ್ ಬರ್ಲಿ ಹೊಳ್ರೆ!" ಎಂದು ಅವನು ಮೇಜು ಗುದ್ದಿದರೆ ಚಹಾ ಲೋಟಗಳೆಲ್ಲ ಒಮ್ಮೆ ಎದ್ದು ಕೂತುಕೊಳ್ಳುತ್ತಿದ್ದವು.

ಇವರಿಬ್ಬರ ನಡುವೆ ಕುಂದಾಪುರದ ಪರವಾಗಿ ಕೂತಿದ್ದವಳು ಶ್ರೀಲತಾ. ನಮ್ಮ ಕಥೆ ಅವಳದ್ದು. ಗಂಗೊಳ್ಳಿಯ ಮೀನುಗಾರ ಮನೆಯ ಹೆಣ್ಣು, ವಯಸ್ಸು ನಲವತ್ತು ದಾಟಿತ್ತು, ಮತ್ತು ಈ ಯಂತ್ರ ಬೇಕೆಂದು ಮೂವರಲ್ಲಿ ಅತಿ ಹೆಚ್ಚು ಒದ್ದಾಡುತ್ತಿದ್ದವಳು ಅವಳೇ. ಗಂಗೊಳ್ಳಿ ಹೊಳೆಯ ಬದಿಯಲ್ಲಿ ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ ಗಿಡದ ತೊಗಟೆಯಿಂದ ಅವಳು ಒಂದು ಬಿಳಿ ಪುಡಿಯನ್ನು ಬೇರ್ಪಡಿಸಿದ್ದಳು. ಹಿಂದೆ ಹತ್ತಿನೂಲಿನ ಬಲೆ ಕೊಳೆಯದಿರಲೆಂದು ಮೀನುಗಾರರು ಕುದಿಸಿ ಬಣ್ಣ ಕಟ್ಟುತ್ತಿದ್ದ ತೊಗಟೆ ಅದು. ಆ ಪುಡಿಯ ಅಣುವಿನ ರೂಪ ಹೀಗೇ ಇರಬೇಕೆಂದು ಅವಳು ತರ್ಕ ಮಾಡಿ ಬರೆದಾಗಿತ್ತು. ಅದು ಸರಿಯಿದ್ದರೆ ಅಣುವಿನ ತೂಕ ನಾನೂರ ಎಂಬತ್ತಾರು ಬರಬೇಕು. ತೂಗಿ ನೋಡುವುದೊಂದೇ ಬಾಕಿ. ಅದೊಂದು ಆದರೆ ಅವಳ ಪಿಎಚ್.ಡಿ. ಮುಗಿಯಿತು.

ತೂಗಿಸಲು ಅವಳು ಪಡಬಾರದ ಪಾಡು ಪಟ್ಟಿದ್ದಳು. ಮೊದಲು ಒಂದು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಪುಡಿ ಕಳಿಸಿದಳು. ಮಳೆಗಾಲ ಹೋಗಿ ಬೇಸಿಗೆ ಬಂದ ಮೇಲೆ ಉತ್ತರ ಬಂತು, ಅವಳ ಪುಡಿಯದ್ದಲ್ಲ, ಯಾರದೋ ಔಷಧಿಯದ್ದು. ಎರಡನೆಯ ಸಲ ಇನ್ನೊಂದು ಊರಿಗೆ ಕಳಿಸಿದಳು. ಅಲ್ಲಿಂದ ಖಾಲಿ ಬಾಟಲಿ ಶುಭ್ರವಾಗಿ ತೊಳೆದು ವಾಪಸು ಬಂತು. ಅಷ್ಟರಲ್ಲಿ ವಿಶ್ವವಿದ್ಯಾನಿಲಯದವರು ಕೊಟ್ಟ ಗಡುವೆಲ್ಲ ಮುಗಿದು, ಈ ಡಿಸೆಂಬರ್ ಕೊನೆಯೇ ಕೊನೆ, ಆಮೇಲೆ ಹೆಸರು ತೆಗೆಯುತ್ತೇವೆ ಎಂದುಬಿಟ್ಟಿದ್ದರು. ಯಂತ್ರ ಈ ಕರಾವಳಿಗೆ ಬಂದರೆ ಅವಳು ಗೆದ್ದಳು. ಘಟ್ಟ ಹತ್ತಿದರೆ ಇಷ್ಟು ವರ್ಷದ ದುಡಿಮೆಗೆ ಎಳ್ಳುನೀರು.

ಹಾಗಾಗಿ ಆ ದಿನ ಹೊಳ್ಳರು ನಿಯಮ ಹೇಳಿ, ಅಶೋಕ ಮೇಜು ಗುದ್ದಿ, ಇಬ್ಬರೂ ಮುಖ ತಿರುಗಿಸಿ ಕೂತಾಗ ಅವಳಿಗೆ ತಡೆಯಲಾಗಲಿಲ್ಲ.

"ಹ್ವಾಯ್, ನಿಮ್ಮಿಬ್ರಿಗೂ ಒಂದ್ ಮಾತ್ ಕೇಂತೆ. ನಮ್ಮಲ್ ಕೈರಂಪಣಿ ಎಳುದ್ ಕಂಡಿದ್ರಿಯಾ?"

ಕರಾವಳಿಯಲ್ಲಿ ಹುಟ್ಟಿ ಕೈರಂಪಣಿ ಕಾಣದವರು ಯಾರು? ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಅರ್ಧಚಂದ್ರದ ಹಾಗೆ ದೊಡ್ಡ ಬಲೆ ಬಿಡುತ್ತಾರೆ. ಅದರ ಎರಡು ತುದಿಯ ಹಗ್ಗ ಹಿಡಿದು ದಡದಲ್ಲಿ ಊರಿಗೆ ಊರೇ ನಿಂತು ಎಳೆಯುತ್ತದೆ. "ದೋಣಿ ಒಬ್ಬಂದ್, ಬಲೆ ಇನ್ನೊಬ್ಬಂದ್, ಎಳುದ್ ಹತ್ತ್ ಜನ," ಎಂದಳು ಶ್ರೀಲತಾ. "ಹಂಗಂತ ಮೀನ್ ಯಾರ್ ಮನಿ ಜಗ್ಲಿ ಮೇಲೆ ಇಡುದ್ ಅಂತ ಯಾರೂ ಜಗಳ ಮಾಡುದಿಲ್ಲೆ. ದೋಣಿಗ್ ಒಂದ್ ಪಾಲ್, ಬಲಿಗ್ ಒಂದ್ ಪಾಲ್, ಎಳ್ದವ್ರಿಗ್ ಒಂದ್ ಪಾಲ್. ದಾರಿ ಮೇಲೆ ಹೋಪ ಪರದೇಶಿ ಬಂದ್ ಹಗ್ಗಕ್ಕೆ ಕೈ ಕೊಟ್ರೂ ಅವನಿಗೂ ಪಾಲ್ ಇತ್ತ್. ನಾವ್ ಹಂಗೇ ಮಾಡ್ವ. ರೂಮ್ ಬ್ರಹ್ಮಾವರದ್ದ್, ಅದ್ ದೋಣಿ. ಏಸಿ, ಜನರೇಟರ್ ಎಲ್ಲ ನಮ್ಮ ಕುಂದಾಪುರದವ್ರ್ ಕೊಡ್ತ್ರ್, ಅದ್ ಬಲೆ. ಯಂತ್ರಕ್ಕೆ ವರ್ಷ ಇಡೀ ಗ್ಯಾಸ್ ಬೇಕ್, ಅದ್ ಬೈಂದೂರಿನವ್ರ್ ಕೊಡ್ಲಿ, ಅದ್ ಹಗ್ಗ. ಮೂರೂ ಇಲ್ದಿರೆ ಮೀನಿಲ್ಲೆ. ಪಾಲ್ ಮೂವರಿಗೂ ಸಮಾ."

ಹೊಳ್ಳರ ಮುಖದಲ್ಲಿ ನಿಯಮ ಸಿಕ್ಕಿದ ನೆಮ್ಮದಿ ಕಂಡಿತು. ಅಶೋಕ ಮಾತ್ರ ಕಣ್ಣು ಕಿರಿದು ಮಾಡಿದ.

"ಅದೆಲ್ಲ ಸರಿ ಮೇಡಂ. ಪಾಲ್ ಹಾಕುದ್ ಯಾರ್? ಹಾಕ್ದವ ದೊಡ್ ದೊಡ್ ಮೀನೆಲ್ಲ ತನ್ ಬದಿಗೇ ಎಳ್ಕಂತಿಲ್ಯಾ?"

"ಛೆ ಛೆ! ನಮ್ಮಲ್ ಅದೆಲ್ಲ ನಡೂದಿಲ್ಲೆ," ಎಂದಳು ಶ್ರೀಲತಾ. ಅಜ್ಜನ ಕಾಲದ ಬಲೆಯ ಅಭಿಮಾನ ಎದೆಯಲ್ಲಿ ಉಕ್ಕಿ ಬಂದಿತ್ತು. "ಪಾಲ್ ಹಾಕ್ದವನಿಗೆ ಕಡೀ ಪಾಲ್. ಎಲ್ರೂ ತಕಂಡ್ ಮೇಲೆ ಉಳ್ದದ್ ಅವನಿಗೆ."

ಹೇಳಿದ ಮರುಕ್ಷಣವೇ ಅವಳಿಗೆ ತಾನು ಹೇಳಿದ್ದೇನೆಂದು ಅರ್ಥವಾಯಿತು. ಹೊಳ್ಳರಿಗೂ ಅರ್ಥವಾಯಿತು. ಅಶೋಕನಿಗಂತೂ ಅವಳಿಗಿಂತ ಮೊದಲೇ ಆಗಿತ್ತು.

"ಹಂಗಾರೆ ಪಾಲ್ ನೀವೇ ಹಾಕಿ ಮೇಡಂ," ಎಂದ ಅವನು, ಬಾಯಿ ತುಂಬ ನಗುತ್ತ.

ಮಾಡಿದ್ದುಣ್ಣೋ ಮಹರಾಯ. ಇಲ್ಲ ಅನ್ನುವ ಹಾಗಿಲ್ಲ. ಅಂದರೆ ಜಗಳ ಮತ್ತೆ ಮೊದಲಿನಿಂದ, ಯಂತ್ರ ಘಟ್ಟಕ್ಕೆ. ಅವಳೇ ಪಾಲು ಹಾಕಿದಳು. ಮೊದಲು ಬ್ರಹ್ಮಾವರ, ಆಮೇಲೆ ಬೈಂದೂರು, ಕಡೆಗೆ ಕುಂದಾಪುರ. ಲೆಕ್ಕ ಹಾಕಿ ನೋಡಿದರೆ ಅವಳ ಸರದಿ ಡಿಸೆಂಬರ್ ನಡುವಿನಲ್ಲಿ ಬರುತ್ತಿತ್ತು. ಸಾಕು ಎಂದುಕೊಂಡಳು. ಹಗ್ಗಕ್ಕೆ ಕೈ ಕೊಟ್ಟವರಿಗೂ ಒಂದು ಪಾಲು ಎನ್ನುವ ಮಾತನ್ನು ಹೊಳ್ಳರು ಬಿಡದೆ ಒಪ್ಪಂದಕ್ಕೆ ಸೇರಿಸಿದರು. ಮೂವರೂ ಸಹಿ ಹಾಕಿದರು. ದಿಲ್ಲಿಯವರು ಇಷ್ಟು ಚಂದದ ಒಪ್ಪಂದ ಎಲ್ಲೂ ಕಂಡಿಲ್ಲ ಎಂದು ಹೊಗಳಿದರಂತೆ.

ಮನೆಯಲ್ಲಿ ಹೊಗಳಿಕೆ ಸಿಗಲಿಲ್ಲ. ಅಮ್ಮ ಸೀತು ಆಗಷ್ಟೇ ಪೇಟೆಯಲ್ಲಿ ಮೀನು ಮಾರಿ, ಖಾಲಿ ಬುಟ್ಟಿ ತೊಳೆದು ಕವುಚಿ ಹಾಕುತ್ತಿದ್ದಳು. ಸುದ್ದಿ ಕೇಳಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಎಲ್ಲ ಬಿಟ್ಟ್ ಆ ಕಡೀ ಪಾಲಿನ್ ಸುದ್ದಿ ಎಂತಕ್ ತೆಗ್ದದ್ ನೀನ್? ಅವ್ರ್ ಕೇಂಡ್ರಾ?"

"ಕೇಂಡ್ರ್ ಅಮ್ಮ."

"ಕೇಂಡ್ರೆ ಗೊತ್ತಿಲ್ಲೆ ಅನ್ಕಲೆ! ಇಷ್ಟೆಲ್ಲ ಓದಿದ್ ಎಂತಕ್?" ಎಂದು ಗೊಣಗುತ್ತ ಸೀತು ಒಳಗೆ ಹೋದಳು. ಆದರೆ ಅಡುಗೆಮನೆಯಿಂದ ಮತ್ತೊಂದು ಮಾತು ತೇಲಿ ಬಂತು. "ಹೇಳ್ದದ್ ಸುಳ್ಳಲ್ಲ ಬಿಡ್."

ಯಂತ್ರ ಬಂದದ್ದು ನವೆಂಬರಿನಲ್ಲಿ, ಮಳೆಯ ಬೆನ್ನು ಹತ್ತಿ. ಎರಡು ದಿನದ ಅಕಾಲಿಕ ಮಳೆಗೆ ಕಾಲೇಜಿನ ಹಿಂದಿನ ಕಟ್ಟಡಕ್ಕೆ ಹೋಗುವ ಮಣ್ಣಿನ ದಾರಿ ಪಾಯಸದಂತಾಗಿತ್ತು. ಲಾರಿ ಗೇಟಿನ ಬಳಿಯೇ ನಿಂತಿತು. ಡ್ರೈವರ್ ಕೆಳಗಿಳಿದು, ಮಣ್ಣಿಗೆ ಒಂದು ಕಾಲಿಟ್ಟು, ಮೊಣಕಾಲವರೆಗೆ ಇಳಿದ ಕಾಲನ್ನು ವಾಪಸು ಎಳೆದುಕೊಂಡು, ಇನ್ನು ಮುಂದೆ ಒಂದು ಗೇಣೂ ಹೋಗುವುದಿಲ್ಲ ಎಂದ. ಕ್ರೇನು ತರಿಸೋಣವೆಂದರೆ ಕ್ರೇನಿಗೂ ಅದೇ ಮಣ್ಣು. ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕಂಪನಿಯವರು ಒಂದು ಬಿಳಿ ಚೀಟಿ ಅಂಟಿಸಿದ್ದರು. ಪೆಟ್ಟಿಗೆ ಸ್ವಲ್ಪ ಹೆಚ್ಚು ವಾಲಿದರೂ ಚೀಟಿ ಕೆಂಪಾಗುತ್ತದೆ. ಕೆಂಪಾದರೆ ಯಂತ್ರ ಕೆಟ್ಟರೂ ಕಂಪನಿಯವರು ಹೊಣೆಯಲ್ಲ. ಮೋಡ ಮತ್ತೆ ಕಟ್ಟುತ್ತಿತ್ತು. ಹೊಳ್ಳರು ಇಷ್ಟದೇವರನ್ನೆಲ್ಲ ನೆನೆದರು. ಅಶೋಕ ತನ್ನ ಕೊಡೆಯನ್ನು ಬಿಚ್ಚಿ, ತಾನು ನೆನೆಯುತ್ತ, ಪೆಟ್ಟಿಗೆಗೆ ಹಿಡಿದು ನಿಂತ.

ಶ್ರೀಲತಾ ಗಂಗೊಳ್ಳಿಗೆ ಫೋನು ಮಾಡಿದಳು. "ಮಾವ, ಒಂದ್ ದೋಣಿ ಎಳುಕಿತ್ತ್. ಬ್ರಹ್ಮಾವರದಲ್ಲ್."

"ಬ್ರಹ್ಮಾವರದಲ್ಲ್ ಎಲ್ಲಿ ಮಾರಾಯ್ತಿ ಕಡ್ಲ್?" ಎಂದ ಅವಳ ಸೋದರಮಾವ ಚಂದಯ್ಯ. ಆದರೂ ಬಂದ. ಅವಳ ಮನೆತನದ ಕೈರಂಪಣಿ ನಡೆಸುವವನು ಅವನೇ. ಮೀನಿನ ಟೆಂಪೋದಲ್ಲಿ ತನ್ನ ಬಲೆಯ ಜನರನ್ನು, ತೆಂಗಿನ ಹುರಿಹಗ್ಗವನ್ನು, ದೋಣಿ ದಡ ಹತ್ತಿಸುವಾಗ ಅಡಿಗೆ ಕೊಡುವ ಉರುಟು ಮರದ ತುಂಡುಗಳನ್ನು ಹೇರಿಕೊಂಡು ಬಂದಿಳಿದ. ಹಿಂದಿನಿಂದ ಸೀತುವೂ ಇಳಿದಳು. ತಮ್ಮ ಎಲ್ಲಿಗೋ ಹಗ್ಗ ಹಿಡಿದು ಹೊರಟರೆ ಅಕ್ಕ ಮನೆಯಲ್ಲಿ ಕೂರುವ ಪದ್ಧತಿ ಅವರಲ್ಲಿ ಇರಲಿಲ್ಲ.

ಆಮೇಲೆ ಆದದ್ದು ಕಣ್ತುಂಬ ನೋಡುವಂಥದ್ದು. ಪಾಯಸದ ಮಣ್ಣಿನ ಮೇಲೆ ಅಡಿಕೆ ದಬ್ಬೆ ಹಾಸಿ, ಅದರ ಮೇಲೆ ಉರುಟು ಮರ ಇಟ್ಟು, ಪೆಟ್ಟಿಗೆಗೆ ಎರಡು ಬದಿಯಿಂದ ಹಗ್ಗ ಕಟ್ಟಿದರು. ಚಂದಯ್ಯ ಮುಂದೆ ನಿಂತು "ಐಸಾ" ಎಂದರೆ ಉಳಿದವರು "ಹೈಸಾ" ಎಂದು ಎಳೆದರು. ಪೆಟ್ಟಿಗೆ ಬಸವನ ಹುಳದಂತೆ ಮುಂದೆ ಸರಿಯಿತು. ಹೊಳ್ಳರಿಗೆ ನಿಂತು ನೋಡಲಾಗದೆ ಪ್ಯಾಂಟು ಮಡಚಿ ಹಗ್ಗಕ್ಕೆ ಕೈ ಹಾಕಿದರು. ಅವರನ್ನು ಕಂಡು ಲೆಕ್ಕದ ಮೇಷ್ಟ್ರು, ಕನ್ನಡದ ಮೇಷ್ಟ್ರು, ಕ್ಯಾಂಟೀನಿನವರು, ಕಡೆಗೆ ಲಾರಿ ಡ್ರೈವರೂ ಬಂದ. ಶ್ರೀಲತಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಅಮ್ಮನ ಹಿಂದೆ ನಿಂತಳು. ಸಣ್ಣವಳಿದ್ದಾಗ ದಡದಲ್ಲಿ ಹಗ್ಗ ಹಿಡಿದದ್ದು. ಅಂಗೈ ಉರಿದು ಎಷ್ಟು ಖುಷಿಯಾಯಿತೆಂದರೆ, ಆ ಹೊತ್ತಿಗೆ ಪಿಎಚ್.ಡಿ.ಯೂ ಮರೆತುಹೋಯಿತು. ಪೆಟ್ಟಿಗೆ ಮೆಟ್ಟಿಲು ಹತ್ತಿ ಒಳಗೆ ಕೂತಾಗ ಎಲ್ಲರೂ ಒಟ್ಟಿಗೆ ಬಗ್ಗಿ ಚೀಟಿ ನೋಡಿದರು. ಬಿಳಿ. ಹೊಳ್ಳರು ಕೆಸರು ಕೈಯಲ್ಲೇ ಚಂದಯ್ಯನನ್ನು ತಬ್ಬಿಕೊಂಡರು.

ಚಹಾ ಅವಲಕ್ಕಿ ಆಯಿತು. ಹೊಳ್ಳರು ಕೂಲಿ ಎಷ್ಟು ಎಂದು ಮೆಲ್ಲಗೆ ಕೇಳಿದರು. ಚಂದಯ್ಯ ಲೋಟ ಕೆಳಗಿಟ್ಟ.

"ಕೂಲಿಯಾ? ಹಗ್ಗ ಎಳ್ದವ್ರಿಗೆ ಯಾರಾರೂ ಕೂಲಿ ಕೊಡ್ತ್ರಾ? ಪಾಲ್ ಕೊಡುದ್. ನಮ್ ಹೆಣ್ ಹೇಳ್ತಿತ್ತ್, ನಿಮ್ಮಲ್ಲೂ ಹಂಗೇ ಬರ್ಕಂಡಿದ್ರಿ ಅಂತ."

ಚಂದಯ್ಯ ತಮಾಷೆಗೆ ಹೇಳಿದ್ದು. ಆದರೆ ಹೊಳ್ಳರಿಗೆ ನಿಯಮದ ವಿಷಯದಲ್ಲಿ ತಮಾಷೆ ಗೊತ್ತಾಗುತ್ತಿರಲಿಲ್ಲ. ಅವರು ಗಂಭೀರವಾಗಿ ತಲೆ ಆಡಿಸಿದರು. ಹಗ್ಗಕ್ಕೆ ಕೈ ಕೊಟ್ಟವರಿಗೆ ಒಂದು ಪಾಲು ಎಂದು ಸಹಿ ಹಾಕಿದ್ದು ಹೌದು. ಹಾಗಾದರೆ ಬೈಂದೂರಿನ ಸರದಿ ಮುಗಿದ ಮೇಲೆ, ಕುಂದಾಪುರಕ್ಕಿಂತ ಮೊದಲು, ಒಂದು ಮಧ್ಯಾಹ್ನ ಗಂಗೊಳ್ಳಿಯ ಬಲೆಯವರಿಗೆ. ಹೇಳಿ ಅಲ್ಲೇ ಬರೆದುಕೊಂಡರು.

ಅಶೋಕ ಕೆಮ್ಮಿದ. "ಮೇಡಂ, ಒಂದ್ ಡೌಟ್. ನಿಮ್ಮಲ್ ಅಳಿಯಕಟ್ಟ್ ಅಲ್ದಾ? ಮಾವನ ಆಸ್ತಿ ಎಲ್ಲ ಅಕ್ಕನ ಮಕ್ಕಳಿಗೆ. ಹಂಗಾರೆ ನಿಮ್ ಮಾವನ ಪಾಲ್ ಅಂದ್ರೆ ನಿಮ್ ಪಾಲೇ ಆತ್ತಲೆ? ಕಡೀ ಪಾಲ್ ಅಂದದ್, ಈಗ ಮುಂದ್ ಬಂತಲೆ?"

ಸುತ್ತ ನಿಂತವರು ನಕ್ಕರು. ಶ್ರೀಲತಾಳಿಗೆ ನಗು ಬರಲಿಲ್ಲ. ಮಾತು ಚುಚ್ಚಿತು, ಚುಚ್ಚಿದ್ದು ಸುಳ್ಳೆಂಬ ಕಾರಣಕ್ಕಲ್ಲ, ಆ ಕ್ಷಣ ತನ್ನ ಮನಸ್ಸಿನಲ್ಲೂ ಆ ಆಸೆ ಮಿಂಚಿ ಹೋಗಿತ್ತು ಎಂಬ ಕಾರಣಕ್ಕೆ. ಮುಖ ಕೆಂಪಾಗಿ ಎದ್ದು ನಿಂತಳು.

"ಕೇಣಿ ಅಶೋಕ್ ಸರ್. ಬಲೆಯವ್ರ್ ಸರದಿಯೊಳ್ಗೆ ನನ್ ಪುಡಿ ಒಂದ್ ಚಿಟಿಕೆಯೂ ನಾ ಹಾಕೂದಿಲ್ಲೆ. ಎಲ್ರೆದ್ರ್ ಹೇಳಿದ್ದೆ."

ಸೀತು ಮಗಳ ಮುಖವನ್ನೇ ನೋಡಿದಳು. ಅವಲಕ್ಕಿಯ ಎಲೆ ಮಡಚಿ ಎದ್ದಳು.

ಹೆಮ್ಮೆಗೆ ಆಡಿದ ಮಾತು ಹೊಟ್ಟೆಗೆ ಹೊಡೆಯುವುದು ನಿಧಾನವಾಗಿ. ಯಂತ್ರ ಜೋಡಿಸಲು ಬಂದ ಇಂಜಿನಿಯರು ಒಂದು ಬಿಡಿಭಾಗಕ್ಕಾಗಿ ಕಾದು ಕೂತ. ಅದು ಬಂದ ಮೇಲೆ ಯಂತ್ರದ ಒಳಗಿನ ಗಾಳಿಯನ್ನೆಲ್ಲ ಹೊರಗೆ ಎಳೆಯಲು ಮತ್ತಷ್ಟು ದಿನ. ಬ್ರಹ್ಮಾವರದ ಸರದಿ ಶುರುವಾಗುವಾಗಲೇ ಡಿಸೆಂಬರ್ ಬಂದಿತ್ತು. ಹೊಳ್ಳರ ವಿದ್ಯಾರ್ಥಿಗಳು ಹಬ್ಬದೂಟಕ್ಕೆ ಕೂತವರಂತೆ ಕೂತರು, ಏಳಲಿಲ್ಲ. ಆಮೇಲೆ ಅಶೋಕನ ಸರದಿ. ಎಲ್ಲರೂ ತಮ್ಮ ಪಾಲನ್ನಷ್ಟೇ ತೆಗೆದುಕೊಂಡರು, ಯಾರದ್ದೂ ತಪ್ಪಿಲ್ಲ. ಆದರೆ ಎಲ್ಲ ಹಿಂದೆ ಹಿಂದೆ ಸರಿದು ಶ್ರೀಲತಾಳ ಸರದಿ ಜನವರಿಗೆ ಬಿತ್ತು. ಅವಳ ಗಡುವು ಡಿಸೆಂಬರಿಗೆ ಮುಗಿಯುತ್ತಿತ್ತು. ನಡುವಿನಲ್ಲಿ, ವರ್ಷದ ಕೊನೆಯ ರಜೆಗೆ ಮುಂಚೆ, ಉಳಿದಿದ್ದದ್ದು ಬಲೆಯವರ ಒಂದು ಮಧ್ಯಾಹ್ನ ಮಾತ್ರ, ಅದರ ಬಾಗಿಲನ್ನು ಅವಳೇ ಹಾಕಿಯಾಗಿತ್ತು.

ಹೊಳ್ಳರನ್ನು ಕೇಳಬಹುದಿತ್ತು. ಅಶೋಕನನ್ನು ಬೇಡಬಹುದಿತ್ತು. ಎರಡೂ ಅವಳಿಂದ ಆಗಲಿಲ್ಲ. ಮನೆಯಲ್ಲಿ ಊಟ ಸೇರಲಿಲ್ಲ. ಉಳಿದಿದ್ದ ಚೂರು ಪುಡಿಯ ಬಾಟಲಿ ಮನೆಯ ಫ್ರಿಜ್ಜಿನಲ್ಲೇ ಇತ್ತು. ಎರಡು ಸಲ ಊರೂರಿಗೆ ಕಳಿಸಿ ಬುದ್ಧಿ ಬಂದ ಮೇಲೆ ಅದನ್ನು ಕಾಲೇಜಿನಲ್ಲೂ ಇಡಲು ಅವಳಿಗೆ ಧೈರ್ಯವಿರಲಿಲ್ಲ. ಫ್ರಿಜ್ಜು ತೆರೆದಾಗಲೆಲ್ಲ ಅದನ್ನು ನೋಡುವಳು, ಮುಚ್ಚುವಳು.

"ಎಂತಾಯ್ತ್ ಹೆಣೆ?" ಎಂದಳು ಸೀತು. ಮಗಳು ಹೇಳಿದಳು. ಸೀತು ಕೇಳಿಸಿಕೊಂಡು ಮೀನು ಕೊಯ್ಯಲು ಕೂತಳು.

ಬಲೆಯವರ ಮಧ್ಯಾಹ್ನ ಬಂತು. ಮದುವೆಗೆ ಹೊರಟವರಂತೆ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಚಂದಯ್ಯನ ಬಲೆಯ ಜನರೆಲ್ಲ ಬಸ್ಸಿಳಿದು ಬಂದರು. ಸೀತು ಜರಿ ಅಂಚಿನ ಸೀರೆ ಉಟ್ಟಿದ್ದಳು, ಕಂಕುಳಲ್ಲಿ ಚೀಲ. ಯಂತ್ರ ನಡೆಸುವ ಯತೀಶ ಎಲ್ಲರ ಚಪ್ಪಲಿ ಹೊರಗೆ ಬಿಡಿಸಿ ಒಳಗೆ ಕರೆದ. ಹೊಳ್ಳರು ಸ್ವಾಗತಕ್ಕೆ ನಿಂತಿದ್ದರು, ಪಕ್ಕದಲ್ಲಿ ಶ್ರೀಲತಾ. ಅಶೋಕನೂ ಬೈಂದೂರಿನಿಂದ ಬಂದಿದ್ದ. ಕೆಲಸವೊಂದಿತ್ತು ಎಂದ. ಏನು ಕೆಲಸವೆಂದು ಎಲ್ಲರಿಗೂ ಗೊತ್ತಿತ್ತು.

ಜನ ಯಂತ್ರದ ಸುತ್ತ ನಿಂತು ನೋಡಿದರು. ಸ್ವಲ್ಪ ನಿರಾಶೆಯಾಯಿತು.

"ನಾವ್ ಎಳ್ದದ್ ಇಷ್ಟೇ ದೊಡ್ದಾ? ಎಳುವ ಹೊತ್ತಿಗೆ ಇದ್ಕಿಂತ ಭಾರ ಇತ್ತಪ್ಪ," ಎಂದ ಒಬ್ಬ.

"ಏಸಿ ಲಾಯ್ಕ್ ಇತ್ತ್," ಎಂದ ಇನ್ನೊಬ್ಬ, ಕಣ್ಣು ಮುಚ್ಚಿ.

ಯತೀಶ ವಿನಯದಿಂದ ಕೇಳಿದ. "ಚಂದಯ್ಯಣ್ಣ, ನಿಮ್ ಸರದಿ. ಎಂತ ಹಾಕುದ್ ಇದ್ರೊಳ್ಗೆ?"

ಇದರ ಬಗ್ಗೆ ಬಸ್ಸಿನಲ್ಲಿ ದೊಡ್ಡ ಚರ್ಚೆಯೇ ಆಗಿತ್ತಂತೆ. ಒಬ್ಬನಿಗೆ ಹೋಟೆಲಿನ ಚಹಾದಲ್ಲಿ ಹಾಲಿದೆಯೋ ಇಲ್ಲವೋ ನೋಡಬೇಕಿತ್ತು. ಇನ್ನೊಬ್ಬ ಸೊಂಟನೋವಿನ ಎಣ್ಣೆಯ ಶೀಷೆಯನ್ನೇ ತಂದಿದ್ದ. ಗದ್ದಲದ ನಡುವೆ ಸೀತು ಚೀಲಕ್ಕೆ ಕೈ ಹಾಕಿ, ಬಾಳೆಲೆಯಲ್ಲಿ ಸುತ್ತಿದ್ದ ಒಂದು ಪುಟ್ಟ ಪೊಟ್ಟಣ ತೆಗೆದು, ಬಿಚ್ಚಿ, ಯತೀಶನ ಕೈಗೆ ಇಟ್ಟಳು.

ಒಳಗಿದ್ದ ಬಾಟಲಿ ಕಂಡು ಶ್ರೀಲತಾ ಧಾವಿಸಿ ಮುಂದೆ ಬಂದಳು. ಅದು ಅವಳದೇ ಬಾಟಲಿ.

"ಅಮ್ಮಾ! ಅದ್ ಎಂತಕ್ ತಂದದ್? ಕೊಡಿಲ್ಲಿ! ನಾ ಹೇಳ್ದದ್ ಮರ್ತ್ ಹೋಯ್ತಾ ನಿಂಗೆ?"

"ನೀ ಹೇಳ್ದದ್ ನಿಂಗ್," ಎಂದಳು ಸೀತು ತಣ್ಣಗೆ. "ನಿನ್ ಪುಡಿ ನೀ ಹಾಕೂದಿಲ್ಲೆ ಅಂದೆ. ಹಾಕ್ಬೇಡ. ಇದ್ ನಮ್ದ್."

"ನಿಮ್ದ್ ಹೆಂಗಾತ್ತ್?"

ಸೀತು ಮಗಳನ್ನು ಬಿಟ್ಟು ಅಶೋಕನ ಕಡೆಗೇ ತಿರುಗಿದಳು. ಮೀನು ಪೇಟೆಯಲ್ಲಿ ಎಂತೆಂಥ ಗಿರಾಕಿಗಳನ್ನು ಕಂಡವಳು, ಯಾರಿಗೆ ಹೇಳಬೇಕೆಂದು ಅವಳಿಗೆ ಗೊತ್ತಿತ್ತು.

"ಕೇಣಿ ಮೇಷ್ಟ್ರೆ. ಕಾಂಡ್ಲಾ ತೊಗ್ಟಿ ಕೆತ್ತಿ ತಂದದ್ ಯಾರ್? ಇವ್ಳಾ? ಇವ್ಳಿಗ್ ಹೊಳಿ ಕೆಸ್ರೊಳ್ಗೆ ಕಾಲ್ ಇಡುಕೇ ಬತ್ತಿಲ್ಲೆ. ಎದೆಮಟ್ಟ ನೀರಿಗ್ ಇಳ್ದ್ ತಂದದ್ ಈ ಗಂಡ್‌ಮಕ್ಳ್. ಒಣಗ್ಸ್ದದ್ ನಾನ್, ಮೀನ್ ಒಣಗ್ಸು ಚಾಪಿ ಮೇಲೆ. ಕುಟ್ಟಿ ಪುಡಿ ಮಾಡ್ದದ್ದೂ ನಾನೇ. ಇವ್ಳ್ ಕಡಿಗ್ ಬಂದ್ ಸೋಸ್ಕಂಡ್ ಹೋದದ್. ನಮ್ ಅಜ್ಜನ ಕಾಲ್ದಿಂದ ಆ ತೊಗ್ಟಿ ಬೇಸಿ ಬಲಿಗ್ ಹಾಕ್ದವ್ರ್ ನಾವ್. ಅದ್ರೊಳ್ಗೆ ಎಂತ ಇತ್ತ್ ಅಂತ ನಮ್ಗೂ ಕಾಣ್ಕ್. ನಮ್ ಪಾಲೊಳ್ಗೆ ನಾವ್ ಕಂಡ್ರೆ ಯಾರಿಗ್ ಎಂತ ಹೋತ್ತ್?"

ಚಂದಯ್ಯನ ಜನ ಒಬ್ಬರನ್ನೊಬ್ಬರು ನೋಡಿಕೊಂಡರು. "ಹೌದಲೆ," ಎಂದ ಒಬ್ಬ. "ಆ ವರ್ಷ ನನ್ ಕಾಲಿಗ್ ಮುರು ಚಿಪ್ಪು ಚುಚ್ಚಿ ಬಾತ್ಕಂಡಿತ್ತಲೆ!" ಸೊಂಟನೋವಿನ ಎಣ್ಣೆಯವನು ತನ್ನ ಶೀಷೆಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

ಶ್ರೀಲತಾ ಅಶೋಕನ ಮುಖ ನೋಡಿದಳು. ಬೇಡ ಎಂದುಬಿಡಲಿ, ಎಂದುಕೊಂಡಳು. ಬೇಡ ಅನ್ನದಿರಲಿ, ಎಂದೂ ಅಂದುಕೊಂಡಳು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಇರದಿದ್ದ ಸಾಟಿ ಗಂಗೊಳ್ಳಿಯ ಮೀನು ಬುಟ್ಟಿಯ ಹಿಂದೆ ಕೂತಿತ್ತೆಂದು ಅಶೋಕನಿಗೆ ಆಗ ತಿಳಿಯಿತು.

"ಅಮ್ಮಾ," ಎಂದ ಅವನು, ಎರಡೂ ಕೈ ಜೋಡಿಸಿ, "ನಾ ಅವತ್ತ್ ಆ ಮಾತ್ ಆಡ್ಬಾರ್ದಿತ್ತ್. ನಂಗ್ ಸಣ್ ಬುದ್ಧಿ ಬಂತ್. ಯತೀಶ, ಹಾಕ್ ಮಾರಾಯ, ಬೇಗ ಹಾಕ್."

"ಒಪ್ಪಂದದ ಪ್ರಕಾರವೂ ಸರಿ ಇತ್ತ್," ಎಂದರು ಹೊಳ್ಳರು.

ಯತೀಶ ಪುಡಿಯ ಒಂದು ಚೂರನ್ನು ಕರಗಿಸಿ, ಸಣ್ಣ ಸೂಜಿಯಲ್ಲಿ ಎಳೆದು ಯಂತ್ರದ ಬಾಯಿಗೆ ಕೊಟ್ಟ. ಪರದೆಯ ಮೇಲೆ ಒಂದು ಗೆರೆ ನೆಟ್ಟಗೆ ಓಡುತ್ತಿತ್ತು. ಶ್ರೀಲತಾ ಮೇಜಿನ ಅಂಚು ಹಿಡಿದಳು. ಬರದಿದ್ದರೆ? ತರ್ಕವೇ ತಪ್ಪಿದ್ದರೆ? ಇಷ್ಟು ಜನರ ಎದುರು, ಹೊಳೆಗಿಳಿದವರ ಎದುರು, ಆಣೆ ಮುರಿಯದೆ ಆಣೆ ದಾಟಿಸಿದ ಅಮ್ಮನ ಎದುರು, ಬೇರೆ ಯಾವುದೋ ಸಂಖ್ಯೆ ಬಂದು ಕೂತರೆ?

ಗೆರೆ ಒಮ್ಮೆಲೇ ಮೇಲೆ ಹಾರಿತು, ಒಂದೇ ಒಂದು ಕಡೆ, ಕಂಬದಂತೆ. ಅದರ ನೆತ್ತಿಯ ಮೇಲೆ ಯಂತ್ರ ಸಂಖ್ಯೆ ಬರೆಯಿತು. ನಾನೂರ ಎಂಬತ್ತೇಳು.

ಈ ಯಂತ್ರದ ಪದ್ಧತಿಯೇ ಹಾಗೆ. ಅಣುವನ್ನು ಎತ್ತಿಕೊಳ್ಳಲು ಅದಕ್ಕೊಂದು ಹೈಡ್ರೋಜನ್ ಅಂಟಿಸಿ ತೂಗುತ್ತದೆ, ಆ ಒಂದು ಮೇಲಿನದ್ದು. ಅದನ್ನು ಕಳೆದರೆ ನಾನೂರ ಎಂಬತ್ತಾರು. ಯತೀಶನಿಗೆ ಗೊತ್ತಿತ್ತು, ಹೊಳ್ಳರಿಗೆ ಗೊತ್ತಿತ್ತು. ಅಶೋಕ ಎರಡು ಕೈಯಲ್ಲೂ ಮೇಜು ಗುದ್ದಿದ, ಯತೀಶ ಅವನನ್ನು ಯಂತ್ರದಿಂದ ದೂರ ಎಳೆದ. ಶ್ರೀಲತಾ ಮಾತ್ರ ನಿಂತಲ್ಲೇ ನಿಂತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಅವಳಿಗೆ ತೋಚಲಿಲ್ಲ.

ಸೀತು ಗಾಬರಿಯಾದಳು. ಮೀನು ಮಾರುವವಳು ಅವಳು. ತಕ್ಕಡಿಯ ಎದುರು ನಿಂತು ಯಾರಾದರೂ ಕಣ್ಣೀರು ಹಾಕಿದರೆ ಅದಕ್ಕೆ ಒಂದೇ ಕಾರಣ ಅವಳಿಗೆ ಗೊತ್ತಿದ್ದದ್ದು. ಮಗಳ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಕೇಳಿದಳು.

"ಎಂತಾ ಹೆಣೆ? ತೂಕ ಕಮ್ಮಿ ಬಂತಾ?"

"ಇಲ್ಲೆ ಅಮ್ಮ," ಎಂದಳು ಶ್ರೀಲತಾ, ಅಳುವಿನ ನಡುವೆಯೇ ನಗುತ್ತ. "ಸಮಾ ಇತ್ತ್. ಮೇಲಿಂದ ಒಂದ್ ಕೊಸ್ರೂ ಬಿದ್ದಿತ್ತ್."

"ಕೊಸ್ರ್ ಬಿದ್ರೆ ಯಾರಾರೂ ಕಣ್ಣೀರ್ ಹಾಕ್ತ್ರಾ?" ಎಂದು ಬೈದು, ಜರಿ ಸೀರೆಯ ಸೆರಗಿನಲ್ಲಿ ಮಗಳ ಮುಖ ಒರೆಸಿದಳು ಸೀತು.